ಕಡವಿನ ಕಡವೆ

ದೀಪಾವಳಿ ಕಳೆದು ಎರಡು ವಾರವಾಗಿತ್ತು. ಕುಮಾರಧಾರೆಯ ನೀರು ಕೆಂಪು ಬಿಟ್ಟು ಹಸಿರಿಗೆ ತಿರುಗಿತ್ತು. ಠಾಣೆಯ ಹಿಂದಿನ ಗದ್ದೆಯಲ್ಲಿ ಕೊಯ್ಲು ನಡೆಯುತ್ತಿದ್ದುದರಿಂದ ಬತ್ತದ ಹೊಟ್ಟು ಕಿಟಕಿಯಿಂದ ಹಾರಿ ಬಂದು ಕಡತಗಳ ಮೇಲೆ ಕೂರುತ್ತಿತ್ತು. ಕಾನ್‌ಸ್ಟೆಬಲ್ ಭವಿತಾ ಅದನ್ನು ಒರೆಸುತ್ತಿದ್ದಾಗ, ಶುಕ್ರವಾರ ಬೆಳಿಗ್ಗೆ 9.40ಕ್ಕೆ, ಹಕೀಮ್ ದೂರು ಹಿಡಿದುಕೊಂಡು ಬಂದ.

"ಕಡವೆ ಕಾಣೆಯಾಗಿದೆ ಸಾರ್."

"ಅರಣ್ಯ ಇಲಾಖೆ ಆಚೆ ರಸ್ತೆಯಲ್ಲಿ," ಎಂದರು ಇನ್‌ಸ್ಪೆಕ್ಟರ್ ಜಯಪ್ರಕಾಶ್.

"ಜೀವದ್ದಲ್ಲ ಸಾರ್. ಫೈಬರಿನದ್ದು."

ಹಕೀಮ್ ಹೊಳೆದಡದ ಅಭಿವೃದ್ಧಿ ಕಾಮಗಾರಿಯ ಮೇಲ್ವಿಚಾರಕ. ಹಳೆಯ ಕಲ್ಲು ಮೆಟ್ಟಿಲುಗಳಿಗೆ ಹೊಸ ಹಾಸು, ಕಂಬಿ, ದೀಪ ಎಲ್ಲ ಆಗಿತ್ತು. ನಡುವಿನ ಕಟ್ಟೆಯ ಮೇಲೆ ಆಳೆತ್ತರದ ಕಡವೆ ನಿಂತಿತ್ತು. ಗುರುವಾರ ಕೆಲಸದವರು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಅದು ಇರಲಿಲ್ಲ. ಭಾನುವಾರ ಉದ್ಘಾಟನೆ. ಕಳವು ಪ್ರಕರಣವೆಂದು ಎಫ್‌ಐಆರ್ ದಾಖಲಾಯಿತು.

ಸ್ಥಳ ಪಂಚನಾಮೆಗೆ ಹೋದಾಗ ಕಟ್ಟೆಯಲ್ಲಿ ಒಡೆದ ಗುರುತು ಇರಲಿಲ್ಲ. ಬಿಚ್ಚಿದ ನಟ್ಟುಗಳನ್ನು ಒಂದು ತೆಂಗಿನ ಗೆರಟೆಯಲ್ಲಿ ತುಂಬಿಸಿ ಬದಿಗೆ ಇಟ್ಟಿದ್ದರು.

"ಕಳ್ಳ ಅಚ್ಚುಕಟ್ಟಿನವ," ಎಂದರು ಜಯಪ್ರಕಾಶ್.

"ಮನೆ ನಡೆಸುವವಳೂ ಆಗಿರಬಹುದು ಸಾರ್," ಎಂದಳು ಭವಿತಾ. ಕಟ್ಟೆಯ ಮೂಲೆಯಲ್ಲಿ ಸೆಗಣಿ ಮೆತ್ತಿದ ಬೈಹುಲ್ಲಿನ ಎಳೆಗಳಿದ್ದವು. ಅವನ್ನೂ ಪಂಚನಾಮೆಗೆ ಸೇರಿಸಿದಳು.

ಜಯಪ್ರಕಾಶ್ ಹೊಸ ಫಲಕವನ್ನು ಓದಿದರು: 'ಕಡವೆ ತೀರ'.

"ನಾನು ಹುಟ್ಟಿದ್ದು ಇಲ್ಲೇ ಪಕ್ಕದ ಸವಣೂರಲ್ಲಿ. ಈ ದಡದಲ್ಲಿ ಕಡವೆ ಕಂಡವರನ್ನು ನಾನು ಕಂಡಿಲ್ಲ. ಇದು ಎಲ್ಲಿಂದ ಬಂತು?"

"ಡಿಸೈನಿನವರು ಹಾಕಿದ್ದು ಸಾರ್," ಎಂದ ಜೊತೆಗೆ ಬಂದಿದ್ದ ಹಕೀಮ್. "ಜಾಗದ ಹೆಸರು ಕೇಳಿದ್ರು. ನಾನು ಫೋನಲ್ಲಿ ಹೇಳಿದೆ, ಅಬೂಬಕರ್ ಕಡವು ಅಂತ."

ಭವಿತಾ ನಗು ತಡೆಯಲಾರದೆ ಹೊಳೆಯ ಕಡೆ ತಿರುಗಿದಳು. ಕಡವು ಎಂದರೆ ದೋಣಿಯಲ್ಲಿ ಹೊಳೆ ದಾಟುವ ಜಾಗ. ಸೇತುವೆಯಾಗುವ ತನಕ ಅಬೂಬಕರ್ ಇದೇ ಮೆಟ್ಟಿಲಿನಿಂದ ಎರಡೂ ದಡದವರನ್ನು ದಾಟಿಸುತ್ತಿದ್ದರು. ದೂರದ ಡಿಸೈನಿನವರಿಗೆ ಅದು ಕಡವೆಯೆಂದು ಕೇಳಿಸಿತ್ತು.

"ತಪ್ಪೂಂತ ಯಾರೂ ಹೇಳಲಿಲ್ವಾ?" ಎಂದು ಕೇಳಿದರು ಜಯಪ್ರಕಾಶ್.

"ಹಾಲಿನ ಶೀಲಾವತಿಯಕ್ಕ ಹೇಳಿದ್ರು. ಬಂದಾಗೆಲ್ಲ ಹೇಳಿದ್ರು. ಉದ್ಘಾಟನೆ ಒಂದು ಕಳೀಲಿ ಅಂತ ನಾನು..."

"ಇದು ದೂರಿನಲ್ಲಿ ಇಲ್ಲ."

"ನೀವು ಕೇಳ್ಲಿಲ್ಲ ಸಾರ್."

ಮೆಟ್ಟಿಲ ಮೇಲಿನ ಚಹಾದಂಗಡಿ ಜಸೀನಾಳದು.

"ನಿನ್ನೆ ಮಧ್ಯಾಹ್ನ ಎಂತ ನೋಡಿದ್ರಿ?"

"ಶೀಲಾವತಿಯಕ್ಕನ ಪಿಕಪ್ಪಲ್ಲಿ ನಿಂತುಕೊಂಡು ಹೋಯ್ತು."

"ಯಾರು?"

"ಕಡವೆ, ಮತ್ತೆ ಯಾರು. ಪೈಂಟಿಗೆ ಕೊಂಡು ಹೋಗುದು ಅಂತ ಗ್ರಹಿಸಿದೆ. ಕದ್ದುಕೊಂಡು ಹೋಗುವವರು ನನಗೆ ಹಾರ್ನ್ ಹಾಕ್ತಾರಾ ಮಾರಾಯ್ರೆ?"

ಶೀಲಾವತಿಯ ಮನೆ ಆಚೆ ದಡದಲ್ಲಿ. ಸೇತುವೆ ದಾಟಿ ಹೋದಾಗ ಕಡವೆ ಹಟ್ಟಿಯಲ್ಲಿ ಎರಡು ದನಗಳ ನಡುವೆ ನಿಂತಿತ್ತು. ಕರುವೊಂದು ಅದರ ಮೊಣಕಾಲು ನೆಕ್ಕುತ್ತಿತ್ತು. ಅರುವತ್ತು ದಾಟಿದ ಶೀಲಾವತಿ ಹಾಲಿನ ಕ್ಯಾನು ತೊಳೆಯುತ್ತಿದ್ದರು.

"ತಂದದ್ದು ನೀವಾ?" ಎಂದು ಕೇಳಿದರು ಜಯಪ್ರಕಾಶ್.

"ನಾನೇ. ಚಹಾ ಮಾಡ್ಲಾ?"

"ಯಾಕೆ ತಂದದ್ದು?"

ಅವರು ಒದ್ದೆ ಕೈಯಲ್ಲೇ ದನಗಳ ಬಾಯಿಯ ಕಡೆ ತೋರಿಸಿದರು. ದನಗಳು ಹುಲ್ಲು ತಿನ್ನುತ್ತಿದ್ದ ಉದ್ದನೆಯ ಕರಿಮರದ ಬಾನಿ ನಿಜವಾಗಿ ಒಂದು ದೋಣಿ.

"ಅಬೂಬಕರ್ ಕಾಕನದ್ದು. ಸೇತುವೆಯಾದ ವರ್ಷ ನಮ್ಮ ಅಪ್ಪ ತಂದದ್ದು, ಹೊಳೆಬದಿಯಲ್ಲಿ ಮಳೆಗೆ ಕುಂಬಾಗಿ ಹಾಳಾಗುದು ಬೇಡ ಅಂತ. ಮೂರು ಮಳೆಗಾಲ ನನ್ನನ್ನು ಶಾಲೆಗೆ ದಾಟಿಸಿದ್ದು ಇದರಲ್ಲೇ. ಒಂದು ದಿನ ಕೂಲಿ ಕೇಳಿದವರಲ್ಲ. ಹತ್ತನೇ ಪಾಸಾದ್ರೆ ಒಂದು ಗೊನೆ ಬೊಂಡ ತಾ, ಎಳನೀರು ಕುಡಿಯುವ ಅಂದಿದ್ರು."

"ಕೊಟ್ರಾ?"

"ಫೇಲಾದೆ ಸಾರ್. ಲೆಕ್ಕದಲ್ಲಿ."

ಶೀಲಾವತಿ ತೊಳೆದ ಕ್ಯಾನನ್ನು ಕವುಚಿ ಇಟ್ಟರು.

"ಭಾನುವಾರ ಅವರನ್ನು ಕರೆಸ್ತಾರಂತೆ. ಕಡವಿಗೆ ನಿಮ್ಮ ಹೆಸರು ಅಂತ ಹೇಳಿದ್ದಕ್ಕೆ ಹೊಸ ಅಂಗಿ ಹೊಲಿಸಿದ್ದಾರೆ. ಎಂಬತ್ತೇಳು ವರ್ಷದವರು ಬಂದು ನೋಡುದು ಎಂತ, ನಾಲ್ಕು ಕಾಲಿನ ಮೃಗವನ್ನಾ? ಹೇಳಿ ನೋಡಿದೆ, ಬೈದು ನೋಡಿದೆ. ಕಡೆಗೆ ಸ್ಪಾನರ್ ತಕೊಂಡೆ. ದೋಣಿಯನ್ನು ಅಲ್ಲಿ ಇಡುವ ಅಂತ ಇತ್ತು. ಕಡವೆ ಹಗುರ, ಒಬ್ಬಳೇ ಎತ್ತಿದೆ. ದೋಣಿಗೆ ಆರು ಜನ ಬೇಕು."

"ಬಂಧಿಸಬೇಕಾಗ್ತದೆ ಅಕ್ಕ," ಎಂದಳು ಭವಿತಾ.

"ಗೊತ್ತುಂಟು ಮಗ. ದನಗಳಿಗೆ ಹುಲ್ಲು ಹಾಕಿ ಬರ್ತೇನೆ."

12.50ಕ್ಕೆ ಬಂಧನವಾಯಿತು. ಕಡವೆಯನ್ನು ವಶಪಡಿಸಿಕೊಂಡು ಠಾಣೆಗೆ ಕಳಿಸಿದರು. ಪುತ್ತೂರಿನ ನ್ಯಾಯಾಲಯದಲ್ಲಿ ಹಾಜರುಪಡಿಸಿದಾಗ ಸಂಜೆಯೊಳಗೆ ಜಾಮೀನು ಸಿಕ್ಕಿತು. ಸುದ್ದಿ ತಿಳಿದು ಆಟೋದಲ್ಲಿ ಬಂದ ಅಬೂಬಕರ್ ತಮ್ಮ ಜಾಗದ ಪಹಣಿ ಕೊಟ್ಟು ಜಾಮೀನು ನಿಂತರು.

"ಇಷ್ಟು ವರ್ಷಕ್ಕೆ ಕದಿಯಲಿಕ್ಕೆ ನಿನಗೆ ಬೇರೆ ಎಂತದೂ ಸಿಗಲಿಲ್ವಾ ಶೀಲಾ?" ಎಂದು ಅವರು ನ್ಯಾಯಾಲಯದ ಜಗಲಿಯಲ್ಲಿ ಕೇಳಿದರು.

ಠಾಣೆಯಲ್ಲಿ ಹಕೀಮ್ ಕಾಯುತ್ತಿದ್ದ.

"ಕಡವೆ ಕೊಡಿ ಸಾರ್."

"ಕೇಸಿನ ಸೊತ್ತು. ಕೋರ್ಟಿನ ಆದೇಶ ಬೇಕು."

"ನಾಳೆ ತರ್ತೇನೆ."

"ನಾಳೆ ಎರಡನೇ ಶನಿವಾರ."

"ನಾಡಿದ್ದು ಉದ್ಘಾಟನೆ ಸಾರ್! ಖಾಲಿ ಕಟ್ಟೆ ತೋರಿಸುದಾ?"

ಜಯಪ್ರಕಾಶ್ ಕಡತ ಮುಚ್ಚಿದರು. "ನಿಮ್ಮಲ್ಲಿ ಆರು ಜನ ಉಂಟಾ ಹಕೀಮ್?"

ಭಾನುವಾರ ಬೆಳಿಗ್ಗೆ ಕಟ್ಟೆಯ ಮೇಲೆ ತೊಳೆದ ದೋಣಿ ಇತ್ತು. ಫಲಕದಲ್ಲಿ 'ಕಡವೆ' ಇದ್ದ ಕಡೆ ಹಕೀಮ್ ತಾನೇ ಬಣ್ಣ ಬಳಿದು 'ಅಬೂಬಕರ್ ಕಡವು' ಎಂದು ಬರೆದಿದ್ದ. ಬಣ್ಣ ಇನ್ನೂ ಕೈಗೆ ಅಂಟುತ್ತಿತ್ತು. ಹೊಸ ಅಂಗಿಯ ಅಬೂಬಕರ್ ದೋಣಿಯ ಅಂಚನ್ನು ಸವರಿ ಮೂಸಿದರು.

"ದನದ ವಾಸನೆ ಬರುದಲ್ಲಾ!" ಎಂದು ನಕ್ಕು, ಭವಿತಾಳ ಭುಜ ಹಿಡಿದು ಹತ್ತಿ, ಹಿಂಬದಿಯಲ್ಲಿ ತಮ್ಮ ಜಾಗದಲ್ಲಿ ಕೂತರು.

ಶೀಲಾವತಿ ಪಿಕಪ್ಪಿನಿಂದ ಒಂದು ಗೊನೆ ಬೊಂಡ ಇಳಿಸಿ ತಂದರು.

"ಪಾಸಾದೆಯಾ?" ಎಂದು ಕೇಳಿದರು ಅಬೂಬಕರ್.

"ಇಲ್ಲ ಕಾಕ. ಇನ್ನು ಕೇಸಲ್ಲೂ ಫೇಲಾಗುದೇ."

"ಹಾಗಾದ್ರೆ ಅದನ್ನು ಪೊಲೀಸರಿಗೆ ಕೊಡು. ನನ್ನದು ಬಾಕಿ ಇರಲಿ. ನೀನು ಹತ್ತು, ಹೊತ್ತಾಯ್ತು."

ಶೀಲಾವತಿ, ಕೆಳಗೆ ನೀರು ಇದೆಯೇನೋ ಎಂಬಂತೆ, ಸೀರೆಯ ಅಂಚನ್ನು ಸ್ವಲ್ಪ ಎತ್ತಿ ಹಿಡಿದು ದೋಣಿ ಹತ್ತಿದರು.