ಎಡತೋಳಿನ ಹಸಿರು ಹೊಲಿಗೆ

"ಇದು ಅವ್ನ ಅಂಗಿ ಅಲ್ಲ."

ವೆಂಕಮ್ಮ ಮತ್ತೆ ಅದನ್ನೇ ಹೇಳಿದಳು. ಸಿದ್ದಾಪುರದ ಬಸ್ ನಿಲ್ದಾಣದ ಹಿಂದಿನ ಆ ಸಣ್ಣ ಗೇಮ್ ಅಂಗಡಿಯಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ ಹಳೆಯ ಫುಟ್‌ಬಾಲ್ ಆಟವೊಂದು ತನ್ನಷ್ಟಕ್ಕೆ ನಡೆಯುತ್ತಿತ್ತು. ನೀಲಿ ಅಂಗಿ, ಎದೆಯ ನಡುವೆ ಹಳದಿ ಪಟ್ಟೆ. ಬೆನ್ನ ಮೇಲೆ ಏಳನೇ ನಂಬರ್ ಹೊತ್ತವನು ನಂದನ — ಅವಳ ಮಗ.

ಬದುಕಿದ್ದಾಗ ನಂದನನಿಗಿದ್ದ ಹುಚ್ಚು ಅದೊಂದೇ. ಆಟದೊಳಗಿನ ಯಾವುದೋ ವಿದೇಶಿ ತಂಡವನ್ನು ತೆಗೆದು, ತನ್ನೂರು ತ್ಯಾಗಲಿಯ ತಂಡದ ಹುಡುಗರನ್ನು ಅಲ್ಲಿ ನಿಲ್ಲಿಸಿದ್ದ. ಅವರು ನಿಜವಾಗಿ ತೊಡುತ್ತಿದ್ದ ಅಂಗಿಯನ್ನು ಚುಕ್ಕೆ ಚುಕ್ಕೆಯಾಗಿ ತಾನೇ ಬಿಡಿಸಿ ತೊಡಿಸಿದ್ದ. ಕಳೆದ ವರ್ಷ ಘಾಟಿಯ ತಿರುವಿನಲ್ಲಿ ಬೈಕು ಜಾರಿತು. ಮೈಮೇಲಿದ್ದ ಅಂಗಿ ಅವನೊಂದಿಗೇ ಬೂದಿಯಾಯಿತು. ಉಳಿದದ್ದು ಪರದೆಯ ಅಂಗಿ. ಸಂತೆಗೆ ಬಂದಾಗಲೆಲ್ಲ ವೆಂಕಮ್ಮ ಇಲ್ಲಿ ಕೂರುವಳು. ಅಂಗಡಿಯ ಮಧುಕೇಶ್ವರ ಎರಡೂ ಕಡೆ ಯಂತ್ರವೇ ಆಡುವಂತೆ ಪಂದ್ಯ ಹಚ್ಚಿಕೊಡುವನು. ಮಗ ಓಡುವುದನ್ನು ಅವಳು ನೋಡುವಳು.

ಈಗ ಅದೂ ಅವನದಲ್ಲವೆನ್ನುತ್ತಾಳೆ.

ಮಗಳು ರೋಹಿಣಿ ಸದಾಶಿವರನ್ನು ಶಿರಸಿಯಿಂದ ಕರೆತಂದಿದ್ದಳು. ನಿವೃತ್ತ ಪೊಲೀಸ್ ಅಧಿಕಾರಿ. ಅವಳು ಕೆಲಸ ಮಾಡುವ ಔಷಧದಂಗಡಿಯ ಹಳೆಯ ಗಿರಾಕಿ. ಕಳ್ಳನನ್ನು ಹಿಡಿಯಲೆಂದು ಕರೆದದ್ದಲ್ಲ — ಏನೂ ಕಳುವಾಗಿಲ್ಲವೆಂದು ತಾಯಿಯನ್ನು ಒಪ್ಪಿಸಲು.

"ಎಂತ ಬದಲಾಗಿದೆ, ವೆಂಕಮ್ಮ?" ಸದಾಶಿವ ಕೇಳಿದರು.

"ಹೊಲಿಗೆ. ಎಡತೋಳಲ್ಲಿತ್ತು. ಈಗ ಬಲಕ್ಕೆ ಬಂದದೆ."

ಚೆಂಡು ತರಲು ಮುಳ್ಳುತಂತಿಯ ಬೇಲಿ ನುಸುಳುವಾಗ ನಂದನನ ಅಂಗಿಯ ತೋಳು ಹರಿದಿತ್ತಂತೆ. ಮನೆಯಲ್ಲಿ ನೀಲಿ ದಾರವಿರಲಿಲ್ಲ, ಹಸಿರಿನಲ್ಲಿ ಹೊಲಿದುಕೊಟ್ಟಳು. ಅವನು ಪರದೆಯ ಅಂಗಿಗೆ ಆ ಹೊಲಿಗೆಯನ್ನೂ ಬಿಡಿಸಿದ. ಆಟದಲ್ಲಿ ತಂಡಕ್ಕೆಲ್ಲ ಒಂದೇ ಅಂಗಿ. ಆದ್ದರಿಂದ ಗೋಲ್‌ಕೀಪರನೊಬ್ಬನನ್ನುಳಿದು ಎಲ್ಲರ ತೋಳಿಗೂ ವೆಂಕಮ್ಮನ ಹೊಲಿಗೆ ಬಂದಿತು. ಹುಡುಗರು ನಕ್ಕಿದ್ದರು.

ಸದಾಶಿವ ಒಬ್ಬೊಬ್ಬರನ್ನೇ ವಿಚಾರಿಸಿದರು. ನಂದನ ಹೋದ ಮೇಲೆ ಗಿರಾಕಿಗಳಿಗೆ ಕೊಡದ ಈ ಯಂತ್ರವನ್ನು ಮುಟ್ಟುತ್ತಿದ್ದವರು ಮೂವರೇ. ಮಧುಕೇಶ್ವರ ಧೂಳು ಒರೆಸಿದ್ದು ನಿಜ. ಆಟದ ಕಡತಗಳನ್ನು ತೆರೆದಿಲ್ಲ, ತನಗೆ ಚಿತ್ರ ಬಿಡಿಸಲು ಬರುವುದೂ ಇಲ್ಲ ಎಂದ. ರೋಹಿಣಿ? ತಾಯಿ ಇಲ್ಲಿಗೆ ಬರುವುದು ನಿಲ್ಲಲಿ ಎಂದು ತಾನು ಬಯಸಿದ್ದನ್ನು ಅವಳು ಮುಚ್ಚಿಡಲಿಲ್ಲ.

"ಆದ್ರೆ ನಾನೇ ಅಳಿಸಿದ್ರೆ ಪೂರ್ತಿ ಅಳಿಸ್ತಿದ್ದೆ, ಸಾಹೇಬ್ರೆ. ತೋಳು ಬದಲಿಸಿ ಎಂತ ಮಾಡ್ಲಿ?"

ಮೂರನೆಯವನು ಶಂಭುಲಿಂಗ. ಬನವಾಸಿ ಕಡೆಯವನು, ಓದಲು ಸಿದ್ದಾಪುರಕ್ಕೆ ಬಂದು ಅದೇ ತಂಡ ಸೇರಿದವನು, ಅಂಗಿ ಬಿಡಿಸುವುದರಲ್ಲಿ ನಂದನನ ಜೊತೆಗಾರ. ಅವನು ಮಾತಿಗಿಂತ ಮೊದಲು ಮೊಬೈಲ್ ತೆಗೆದ.

"ಅವ್ವ, ಇಲ್ಲಿ ನೋಡ್ರಿ. ನಾ ತಗದ ಸೆಲ್ಫಿ. ಹೊಲಿಗಿ ಬಲಗೈಗೇ ಐತಿ."

ಇತ್ತು. ಶಂಭುವಿನ ಪಕ್ಕ ನಗುವ ನಂದನ, ಹಿಂದೆ ನಂದನನ ಬೈಕು. ಬಲತೋಳಿನಲ್ಲಿ ಹಸಿರು ಗೀರು. ಪರದೆಯ ಮೇಲಿದ್ದಂತೆಯೇ.

ರೋಹಿಣಿ ನಿಟ್ಟುಸಿರಿಟ್ಟಳು. ಇನ್ನು ಬರುವುದು ಬೇಡ, ಮನೆಗೆ ಹೋಗುವಾ ಎಂದಳು. ವೆಂಕಮ್ಮ ಏಳಲಿಲ್ಲ. ತನ್ನ ಎಡತೋಳನ್ನು ತಾನೇ ಹಿಡಿದುಕೊಂಡು, ಅಲ್ಲಿ ಏನನ್ನೋ ಹುಡುಕುವವಳಂತೆ ಸವರಿದಳು.

"ಹಂಗಾರೆ ನಂಗೇ ಮರ್ತದೆ," ಎಂದಳು. "ನಂಗೇ ಮರ್ತ್ರೆ ಇನ್ನು ಯಾರಿಗೆ ನೆನಪಿರ್ತದೆ?"

ಸತ್ತವರು ಇನ್ನೊಮ್ಮೆ ಸಾಯುವುದು ಹೀಗೆ — ಒಂದು ತೋಳು ಯಾವುದೆಂದು ತಿಳಿಯದಾದಾಗ.

ಸದಾಶಿವ ಮೊಬೈಲನ್ನು ಹಿಂತಿರುಗಿಸಿರಲಿಲ್ಲ.

"ಶಂಭು, ಇದನ್ನು ಯಾರಿಗಾದರೂ ಕಳಿಸಿದ್ದೆಯಾ?"

"ಯಾರಿಗೂ ಇಲ್ರಿ. ಇವತ್ತ ಮೊದಲನೇ ಸಲ ತೋರ್ಸಿದ್ದು."

"ಖಂಡಿತವಾ?"

"ಖರೇನರಿ."

ಅವರು ಮೊಬೈಲನ್ನು ಮಧುಕೇಶ್ವರನ ಮುಂದೆ ಹಿಡಿದರು. "ಬೈಕು ಹಿಂದಿನಿಂದ ಕಾಣುತ್ತಿದೆ, ನಂಬರ್ ಪ್ಲೇಟು ಕೆಸರಲ್ಲಿ ಮುಚ್ಚಿಹೋಗಿದೆ. ಸೈಡ್ ಸ್ಟ್ಯಾಂಡ್ ಯಾವ ಕಡೆಗಿದೆ?"

"ಬಲಕ್ಕೆ," ಎಂದ ಮಧುಕೇಶ್ವರ. ಎಂದವನು ಮತ್ತೆ ಬಗ್ಗಿ ನೋಡಿದ.

"ಬಲಕ್ಕೆ ಸ್ಟ್ಯಾಂಡ್ ಇರುವ ಬೈಕು ಎಲ್ಲಾದರೂ ಉಂಟಾ? ನಾವೆಲ್ಲ ತೋಳನ್ನೇ ನೋಡಿದೆವು, ಬೈಕನ್ನು ನೋಡಲಿಲ್ಲ. ಸೆಲ್ಫಿ ಕನ್ನಡಿಯ ಹಾಗೆ ಎಡಬಲ ತಿರುಗಿಸಿದೆ. ಹೊಲಿಗೆ ಇದ್ದದ್ದು ಎಡತೋಳಲ್ಲೇ. ವೆಂಕಮ್ಮ ಏನನ್ನೂ ಮರೆತಿಲ್ಲ."

ಸದಾಶಿವ ಪರದೆಯತ್ತ ತಿರುಗಿದರು.

"ನಂದನ ತನ್ನ ಅಂಗಿ ನೋಡಿ ಬಿಡಿಸಿದವನು; ಅವನು ತಪ್ಪಲಾರ. ಪರದೆಯ ಅಂಗಿಯಲ್ಲಿ ಈ ಸೆಲ್ಫಿಯ ತಪ್ಪೇ ಇದೆ. ಅಂದರೆ ಅದನ್ನು ಬಿಡಿಸಿದವನು ಇದನ್ನು ಎದುರಿಗಿಟ್ಟುಕೊಂಡಿದ್ದ. ಇದನ್ನು ಇವತ್ತಿನವರೆಗೆ ಕಂಡವನು ಒಬ್ಬನೇ — ಶಂಭು, ನೀನು."

ಶಂಭುಲಿಂಗ ವೆಂಕಮ್ಮನ ಕಾಲ ಬಳಿ ಬಂದು ಕೂತ.

"ಅವ್ವನ ಕಣ್ಣು ಮಂಜಾಗ್ಯಾವ್ರಿ. ಆಟ ಹಳೇದು, ಅಂಗಿ ಮಸುಕ ಮಸುಕ ಕಾಣ್ತಿತ್ತು. ಸ್ವಚ್ಛ ಕಾಣ್ಲಿ ಅಂತ ಮಾಡಾಕ ಹೋದೆ."

ಚಿತ್ರವನ್ನು ಹಿಗ್ಗಿಸಿದಾಗ ಹೊಲಿಗೆಯ ಚುಕ್ಕೆಗಳು ಕದಡಿ ಕಲೆಯಾದವಂತೆ. ಅದನ್ನು ಒರೆಸಿದ ಮೇಲೆ ಯಾವ ತೋಳೆಂದು ಗೊಂದಲವಾಗಿ, ಸೆಲ್ಫಿ ನೋಡಿ ಹೊಸದಾಗಿ ಬಿಡಿಸಿದ. ಹಳೆಯ ಕಡತ ಅಳಿದುಹೋಗುವಂತೆ ಅದರ ಮೇಲೆಯೇ ಸೇವ್ ಮಾಡಿದ. ಆಟ ಏನೂ ಕೇಳಲಿಲ್ಲ, ನುಂಗಿಕೊಂಡಿತು. ಅಂಗಿ ನಂದನನದಲ್ಲವೆಂದು ವೆಂಕಮ್ಮ ಅಂದ ದಿನವೇ ಹೇಳಬೇಕಿತ್ತು, ಬಾಯಿ ಬರಲಿಲ್ಲ. ತೋಳು ತಪ್ಪಿದ್ದು ಮಾತ್ರ ಅವನಿಗೂ ಈಗಷ್ಟೇ ಗೊತ್ತಾಯಿತು.

"ಮೊದ್ಲಿಂದು ಎಲ್ಲಾದ್ರೂ ಉಂಟಾ?" ವೆಂಕಮ್ಮ ಕೇಳಿದಳು.

ಮಧುಕೇಶ್ವರ ಇಲ್ಲವೆಂದು ತಲೆಯಾಡಿಸಿದ. ನಂದನ ನಕಲು ಇಡುತ್ತಿರಲಿಲ್ಲ. ಅವನ ಕೈ ಇಟ್ಟ ಚುಕ್ಕೆಗಳು ಇನ್ನು ಎಲ್ಲಿಯೂ ಇಲ್ಲ.

ವೆಂಕಮ್ಮ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ, ಪರದೆಯ ಅಂಗಿಯನ್ನು ಬಿಚ್ಚಿ ತೋರಿಸು ಎಂದು ಶಂಭುವಿಗೆ ಹೇಳಿದಳು. ಅವನು ಎದ್ದು ಕಡತ ತೆರೆದ. ಹೊಲಿಯುವ ಮೊದಲು ಕತ್ತರಿಸಿಟ್ಟ ಬಟ್ಟೆಯಂತೆ ಎದೆ, ಬೆನ್ನು, ತೋಳುಗಳು ಬೇರೆ ಬೇರೆಯಾಗಿ ಹರಡಿಕೊಂಡವು. ಬಲತೋಳಿನ ಗೀರನ್ನು ಅವಳ ಮಾತಿನಂತೆ ಅವನೇ ಅಳಿಸಿದ. ಎಡತೋಳು ಯಾವುದೆಂದು ಅವನು ತೋರಿಸುವ ಮೊದಲೇ ಅವಳ ಬೆರಳು ಅಲ್ಲಿತ್ತು.

ಮೌಸನ್ನು ಅವಳು ಸೂಜಿಯಂತೆ ಮೂರು ಬೆರಳಲ್ಲಿ ಹಿಡಿದಳು. ಹಸಿರು ಗೆರೆ ವಾಲಿತು, ತಡವರಿಸಿತು, ನಿಂತಿತು. ನೇರ ಮಾಡಿಕೊಡಲೇ ಎಂದು ಮಧುಕೇಶ್ವರ ಕೇಳಿದ.

"ಬ್ಯಾಡ. ಅವತ್ತೂ ಸೊಟ್ಟನೇ ಇತ್ತು."

ಪಂದ್ಯ ಮತ್ತೆ ಹತ್ತಿತು. ಶಂಭು ಮತ್ತೆ ನೆಲ ನೋಡುತ್ತ ಕೂತಿದ್ದ.

"ಇದ್ರಾಗೆ ನೀನು ಯಾರು?" ವೆಂಕಮ್ಮ ಕೇಳಿದಳು.

"ನಾಕನೇ ನಂಬರ್, ಅವ್ವ."

ಅವಳು ಪರದೆಗೆ ಮುಖ ತಾಗುವಷ್ಟು ಬಗ್ಗಿದಳು.

"ನಿಂಗೂ ಬಂದದೆ ನೋಡು ಹೊಲಿಗೆ," ಎಂದಳು.