ಮೇಷ್ಟ್ರ ಡಿಸ್ಕ್

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನಗೆ ಡಿಜಿಟಲ್ ಫೊರೆನ್ಸಿಕ್ಸ್ ಕಲಿಸಿದ ಮೇಷ್ಟ್ರು ತೀರಿಕೊಂಡ ಮೇಲೆ ಅವರ ಹೆಂಡತಿ ನಮ್ಮ ಲ್ಯಾಬಿಗೆ ಅವರ ಹಾರ್ಡ್ ಡಿಸ್ಕ್ ತಂದುಕೊಟ್ಟರು.

"ಅವರ ದನಿ ಏನಾದ್ರೂ ಸಿಕ್ರೆ ಕೊಡಪ್ಪ."

ಅಸಲನ್ನು ಮುಟ್ಟಬಾರದು, ನಕಲಿನಲ್ಲೇ ಹುಡುಕಬೇಕು ಎಂಬುದು ಮೇಷ್ಟ್ರೇ ಕಲಿಸಿದ ಪಾಠ. ನಕಲು ತೆಗೆದು, ಅಸಲು ಡಿಸ್ಕನ್ನು ಚೀಲಕ್ಕೆ ಹಾಕಿ ಸೀಲ್ ಮಾಡಿದೆ. ಸಿಕ್ಕಿದ್ದು ಒಂದೇ ಧ್ವನಿಮುದ್ರಣ: ಫ್ಯಾನಿನ ಸದ್ದು, ಮೇಷ್ಟ್ರ ಕೆಮ್ಮು. ಮಧ್ಯಾಹ್ನವೇ ಅದರ ಒಂದು ಪ್ರತಿಯನ್ನು ಅವರ ಹೆಂಡತಿಗೆ ಕೊಟ್ಟು ಕಳಿಸಿದೆ.

ಸಂಜೆ ನನ್ನ ಬಳಿಯಿದ್ದ ಮುದ್ರಣವನ್ನು ಮತ್ತೆ ಕೇಳಿದಾಗ ಅದು ಉದ್ದವಾಗಿತ್ತು. ಕೆಮ್ಮಿನ ನಂತರ "ಅವರ ದನಿ ಏನಾದ್ರೂ ಸಿಕ್ರೆ ಕೊಡಪ್ಪ" ಎಂಬ ಮಾತು, ಬೆಳಿಗ್ಗೆ ಮೇಷ್ಟ್ರ ಹೆಂಡತಿ ಹೇಳಿದ ಹಾಗೆಯೇ, ಅವರದೇ ದನಿಯಲ್ಲಿ. ಸೀಲ್ ಒಡೆದಿರಲಿಲ್ಲ. ಚೀಲದೊಳಗಿನ ಡಿಸ್ಕ್ ಮಾತ್ರ ಈಗಷ್ಟೇ ಓಡಿ ನಿಂತಂತೆ ಬಿಸಿಯಾಗಿತ್ತು.

ಅಷ್ಟರಲ್ಲಿ ಮೇಷ್ಟ್ರ ಹೆಂಡತಿಯದೇ ಫೋನ್ ಬಂತು.

"ನೀನು ಕೊಟ್ಟಿದ್ದನ್ನ ಕೇಳ್ದೆ, ಕೊನೇಲಿ ಅವ್ರು ನಿನ್ನ ಕರೀತಾರೆ. 'ಬಂದೆ ಮೇಷ್ಟ್ರೇ' ಅಂತ ನೀನೂ ಅಂತೀಯಲ್ಲಪ್ಪ."

ನಾನಿನ್ನೂ ಹಾಗಂದಿಲ್ಲ.