ಉಣ್ಣದೆ ಎದ್ದ ಅತಿಥಿ

"ಅಯ್ಯೋ, ನುಂಗಬ್ಯಾಡ್ರೀ! ಅದು ಮುದ್ದಿ ಅಲ್ಲ, ರೊಟ್ಟಿ. ಅಗೀರಿ!"

ಗಾಳೆಮ್ಮ ಅವನಿಗೆ ಆಡಿದ ಮೊದಲ ಮಾತೇ ಇದು. ಕೆಮ್ಮಿ ಕೆಮ್ಮಿ ಕೆಂಪಾದ ಮುಖವೆತ್ತಿ ಅವನು ನೋಡಿದ. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಕೈಯಲ್ಲಿದ್ದ ಚೊಂಬನ್ನು ಕೊಡುವುದನ್ನೇ ಮರೆತು ಅವಳು ನಿಂತುಬಿಟ್ಟಳು...

ಅವನ ಹೆಸರು ಸಿದ್ದರಾಜು, ಮುದ್ದೆ ನುಂಗುವ ಮಳವಳ್ಳಿ ಕಡೆಯವನು. ಎಂಬತ್ತಾರರ ಆ ಚಳಿಗಾಲ ಹಂಪಿಯ ಹಾಳು ಮಂಟಪಗಳ ನಕ್ಷೆ ಬರೆಯಲು ಬಂದಿದ್ದ.

ಗಾಳೆಮ್ಮನ ಅವ್ವ ದುರುಗವ್ವ ಊರು ನೋಡಲು ಬಂದವರಿಗೆ ಮನೆಯ ಪಡಸಾಲೆಯಲ್ಲೇ ಊಟ ಹಾಕುತ್ತಿದ್ದಳು. ಹೊಸಪೇಟೆಯಲ್ಲಿ ಬಿ.ಎ. ಮುಗಿಸಿದ್ದ ಮಗಳು ಬಡಿಸುತ್ತ, ಹೊಸಬರಿಗೆ ಇಲ್ಲಿನ ಉಣ್ಣುವ ರೀತಿ ಹೇಳಿಕೊಡುತ್ತಿದ್ದಳು. ಪರದೇಶದವರು ಖುಷಿಯಿಂದ ಕೂರುತ್ತಿದ್ದರು. ನಮ್ಮವರಲ್ಲೇ ಕೆಲವರಿಗೆ ಮಾತ್ರ ಆ ಮನೆ ಯಾವ ಕೇರಿಯದೆಂದು ತಿಳಿದ ಕೂಡಲೇ ಹಸಿವೆ ಸತ್ತುಹೋಗುತ್ತಿತ್ತು!

ಹಾಗೆ ಹಸಿವೆ ಸತ್ತ ಮುಖಗಳಲ್ಲಿ ಒಂದನ್ನೂ ಗಾಳೆಮ್ಮ ಮರೆತಿರಲಿಲ್ಲ.

ಸಿದ್ದರಾಜು ಎರಡು ತಿಂಗಳು ದಿನವೂ ಬಂದ. ಬೆರಳಿಗೆ ಹತ್ತಿದ ಪುಂಡಿಪಲ್ಯವನ್ನೂ ಬಿಡುತ್ತಿರಲಿಲ್ಲ. ಮಾತು ಕಡಿಮೆ. ಅವನ ಮೌನದ ಪಕ್ಕದಲ್ಲಿ ನಿಂತು ಬಡಿಸುವಾಗ ಅವಳಿಗೂ ಮಾತು ಬೇಕೆನಿಸುತ್ತಿರಲಿಲ್ಲ.

ಒಂದು ಸೋಮವಾರ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ.

"ನಿಮ್ಮ ಅಪ್ಪಾಜಿ ಇದಾರಾ?"

"ಕಂಪ್ಲಿ ಮಿಲ್ಲಿಗೆ ಭತ್ತ ಒಯ್ದಾರ. ಗುರುವಾರ ಬರ್ತಾರ. ಕುಂದ್ರಿ, ಎಣ್ಣಿಗಾಯಿ ಮಾಡೀವಿ."

"ಇವತ್ತು ಊಟ ಬೇಡ."

"ಮಜ್ಜಿಗಿ?"

"ಅದೂ ಬೇಡ..."

ಕೂತವನು ತಲೆ ತಗ್ಗಿಸಿ ಎದ್ದು ಹೊರಟೇಹೋದ. ಮರುದಿನ ಬರಲಿಲ್ಲ. ಅದರ ಮರುದಿನ ಬಜಾರಿನ ಹೋಟೆಲಿನಲ್ಲಿ ಅವನು ದೋಸೆ ತಿನ್ನುತ್ತಿದ್ದುದನ್ನು ಅವಳೇ ಕಣ್ಣಾರೆ ಕಂಡಳು.

ಯಾರೋ ಕೇರಿಯ ಹೆಸರು ಹೇಳಿರಬೇಕು... ಇವನೂ ಅಷ್ಟೇನಾ?

ಗುರುವಾರ ಅದೇ ಬಿಳಿ ಅಂಗಿಯಲ್ಲಿ ಬಂದವನನ್ನು ಗಾಳೆಮ್ಮ ಬಾಗಿಲಲ್ಲೇ ತಡೆದಳು.

"ಹಸಿವಿಲ್ಲೇನ್ರಿ ಸಾರ್ ಇವತ್ತೂ? ಎರಡು ತಿಂಗಳು ಉಂಡಿದ್ದು ಹೆಂಗ ತೊಳ್ಕೊಂತೀರಿ? ಹೊಳ್ಯಾಗ ಮುಳುಗಿದ್ರ ಹೋಗತೈತೇನು?"

ಅವನ ಮುಖ ಬಿಳಿಚಿಕೊಂಡಿತು.

"ಏನಂದ್ಕೊಂಡ್ರಿ ನೀವು... ಈ ಮನೆ ಯಾವ ಕೇರೀದು ಅಂತ ಕೇಳ್ಕೊಂಡೇ ಮೊದಲ ದಿನ ಬಂದಿದ್ದು. ನಮ್ಮೂರಲ್ಲಿ ನಮ್ಮ ಮನೆ ಇರೋದೂ ಅಂಥ ಕೇರಿಲೇ ಕಣ್ರಿ."

"ಮತ್ತ ಮಜ್ಜಿಗಿನೂ ಬ್ಯಾಡಂದ್ರಿ?"

ಅವನು ಬಿಳಿ ಅಂಗಿಯ ತೋಳನ್ನು ಸರಿಮಾಡಿಕೊಂಡ.

"ನಮ್ಮ ಮನೇಲೊಂದು ಪದ್ಧತಿ... ಹೆಣ್ಣು ಕೇಳೋಕೆ ಹೋದ ಕಡೆ, ಒಪ್ಪಿಗೆ ಆಗೋವರೆಗೂ ಏನೂ ಮುಟ್ಟಬಾರದು."

ಹೆಣ್ಣು... ಈ ಮನೆಯಲ್ಲಿದ್ದದ್ದು ಒಬ್ಬಳೇ ಮಗಳು!

ಮೂರು ದಿನ ಕಟ್ಟಿಕೊಂಡಿದ್ದ ಸಿಟ್ಟೆಲ್ಲ ಅವಳ ಕಣ್ಣಲ್ಲಿ ನೀರಾಗಿ ನಿಂತಿತು.

"ನಮ್ಮಲ್ಲಿ ಉಣ್ಣದ ಎದ್ರ, ಮನಿ ಮಂದಿನ್ನೇ ಬ್ಯಾಡ ಅಂದಂಗ. ಗೊತ್ತೇನ್ರಿ?"

"ಎಲ್ಲಾ ಪದ್ಧತಿ ಹೇಳ್ಕೊಟ್ರಿ. ಇದೊಂದು ಹೇಳಲೇ ಇಲ್ವಲ್ಲ..."

ಒಳಗಿನಿಂದ ದುರುಗವ್ವ ಕೂಗಿದಳು. "ಏ ಗಾಳೀ, ಬಾಗಲದಾಗ ಏನಲೇ ಗುಸುಗುಸು? ಆ ಹುಡುಗ ಉಣ್ತಾನೋ ಇಲ್ಲೋ ಕೇಳು! ನಿಮ್ಮಪ್ಪನೂ ಕುಂತಾನ."

ಸಿದ್ದರಾಜು ಒಂದು ಹೆಜ್ಜೆ ಮುಂದೆ ಬಂದ.

"ಅಪ್ಪಾಜಿನ ಆಮೇಲೆ ಕೇಳ್ತೀನಿ. ಮೊದಲು ನೀವು ಹೇಳಿ ಗಾಳೆಮ್ಮ... ನಾನು ಉಣ್ಣಲಾ?"

ಅವಳು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮೂರು ದಿನದಿಂದ ನನಗೂ ತುತ್ತು ಇಳಿದಿಲ್ಲ. ಬರ್ರಿ... ಇಬ್ಬರಿಗೂ ನೀಡ್ತೀನಿ."

"ಒಂದೇ ತಟ್ಟೇಲಾ?"

"ಅದಕ್ಕ ಮಾತ್ರ ಅಪ್ಪನ್ನ ಕೇಳಬೇಕ್ರೀ!"